ದೇವರ ಚಿತ್ರಕ್ಕೆ ಇದ್ದಿಲು ಸಲ್ಲದೇ?

ಮಾನ್ಯರೇ,

ಗಣೇಶನ ಹಬ್ಬಕ್ಕೆ ನಮ್ಮ ಕಡೆ ನಡೆದ ಮಕ್ಕಳ ಚಿತ್ರ ಸ್ಪರ್ಧೆಗೆ ಒಂಬತ್ತನೇ ತರಗತಿಯ ನನ್ನ ಮೊಮ್ಮಗಳು ಕೈದಾಳ ದೇವಸ್ಥಾನದ ಚೆನ್ನಕೇಶವನನ್ನು ಇದ್ದಿಲಿನಲ್ಲಿ ಬರೆದುಕೊಟ್ಟಿದ್ದಳು. ‘ದೇವರಿಗೆ ಬರೀ ಕಪ್ಪು ಬೇಡಮ್ಮ, ಶುಭವಲ್ಲ. ಬಣ್ಣ ತುಂಬಿ ತಾ’ ಎಂದು ತೀರ್ಪುಗಾರರು ಹಾಳೆಯನ್ನು ಪಕ್ಕಕ್ಕಿಟ್ಟರಂತೆ. ಬಹುಮಾನ ಬರಲಿಲ್ಲವೆಂದು ಈ ಪತ್ರವಲ್ಲ. ಗದೆ ಹಿಡಿದ ಕೈ ಉದ್ದವಾಗಿತ್ತು. ನಾನೇ ತೀರ್ಪುಗಾರನಾಗಿದ್ದರೂ ಮೊದಲ ಸ್ಥಾನ ಕೊಡುತ್ತಿರಲಿಲ್ಲ. ಆದರೆ ಕಪ್ಪು ಅಶುಭವೆಂದರೆ ಹೇಗೆ?

ಕೈದಾಳದ ಕೇಶವನೇ ಕಪ್ಪು ಶಿಲೆಯವನು. ಕತ್ತಲ ಗರ್ಭಗುಡಿಯಲ್ಲಿ ಮಂಗಳಾರತಿ ಎತ್ತಿದಾಗ ಕಾಣುವುದು ಮೂಗಿನ ತುದಿ, ಕೆನ್ನೆಯ ಉಬ್ಬು, ಕಿರೀಟದ ಅಂಚು, ಅಷ್ಟೆ. ಬಣ್ಣದಲ್ಲಿ ಬರೆಯಹೋದರೆ ಅದು ಕ್ಯಾಲೆಂಡರ್ ಆಗಿಬಿಡುತ್ತದೆ. ಇದ್ದಿಲಿನಲ್ಲಾದರೆ ಹಾಳೆಯನ್ನೆಲ್ಲ ಕಪ್ಪು ಮಾಡಿ, ಹಿಟ್ಟಿನಂತೆ ನಾದುವ ರಬ್ಬರಿನಿಂದ ಬೆಳಕನ್ನು ಒತ್ತಿ ಒತ್ತಿ ತೆಗೆಯಬಹುದು, ಶಿಲ್ಪಿ ಬೇಡದ ಕಲ್ಲು ಕಳೆದ ಹಾಗೆ. ಗ್ರಾಫೈಟ್ ಪೆನ್ಸಿಲಿನ ಗುಣ ಬೇರೆ. ತೀರಾ ಮೆತ್ತನೆಯ, ಕಡುಗಪ್ಪಿನ 8ಬಿ ಪೆನ್ಸಿಲ್ ಹಿಡಿದು ಎಷ್ಟು ಒತ್ತಿದರೂ ಬೂದು ಹೊಳಪೇ ಹೊಡೆಯುತ್ತದೆ. ಎಣ್ಣೆ ಸವರಿದ ನಂದಿಯ ಬೆನ್ನಿಗೆ ಅದು ಹೇಳಿಮಾಡಿಸಿದ್ದು, ಗರ್ಭಗುಡಿಯ ಕತ್ತಲಿಗೆ ಸಾಲದು. ಅಲ್ಲದೆ ಪೆನ್ಸಿಲ್ ಉಜ್ಜಿದ ಜಾಗದಲ್ಲಿ ಇದ್ದಿಲು ಕೂರುವುದಿಲ್ಲ. ಇದನ್ನು ನಾನೂ ಹತ್ತಾರು ಹಾಳೆ ಕೆಡಿಸಿಯೇ ಕಲಿತದ್ದು.

ಚಿನ್ನದ ರೇಕಿನ ಮೈಸೂರು ಶೈಲಿಯ ಲಕ್ಷ್ಮಿ, ಸರಸ್ವತಿಯರಿಗೆ ಯಾರೂ ಅಶುಭ ಎನ್ನುವುದಿಲ್ಲ. ಆ ಚಿತ್ರಕಾರರು ಹುಣಸೆ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು, ಆ ಇದ್ದಿಲಿನಲ್ಲೇ ಮೊದಲ ಗೆರೆ ಎಳೆಯುತ್ತಿದ್ದರು. ಬಣ್ಣ, ಚಿನ್ನ ಎಲ್ಲ ಆಮೇಲಿನವು. ಹುಣಸೆಗೆ ಹೆಸರಾದ ನಮ್ಮ ಜಿಲ್ಲೆಯಲ್ಲೇ ಈ ಮಾತು ಹೇಳಬೇಕಾಗಿ ಬಂತು! ಮಾಧ್ವರು ಹಣೆಗಿಡುವ ಅಂಗಾರವೂ ಇದ್ದಿಲೇ. ಹೋಮದ ಕಪ್ಪು ರಕ್ಷೆಯನ್ನು ಆ ತೀರ್ಪುಗಾರರೂ ಭಕ್ತಿಯಿಂದಲೇ ಹಚ್ಚಿಕೊಂಡಿರುತ್ತಾರೆ.

ಮುಂದಿನ ವರ್ಷ ಆಯೋಜಕರು ಕಪ್ಪು-ಬಿಳುಪಿಗೆ ಬೇರೆ ವಿಭಾಗ ಇಡಲಿ. ಅದಾಗದಿದ್ದರೆ ಕರಪತ್ರದಲ್ಲಿ ‘ಬಣ್ಣ ಕಡ್ಡಾಯ’ ಎಂದಾದರೂ ಮೊದಲೇ ಅಚ್ಚು ಹಾಕಿಸಲಿ, ಮಕ್ಕಳ ಒಂದು ವಾರದ ಶ್ರಮ ಉಳಿಯುತ್ತದೆ. ಇನ್ನೊಂದು ವಿನಂತಿ: ಇದ್ದಿಲಿನ ಚಿತ್ರಗಳನ್ನು ಒಂದರ ಮೇಲೊಂದು ಪೇರಿಸುವಾಗ ನಡುವೆ ಬಟರ್ ಪೇಪರ್ ಇಡಿ. ಇದ್ದಿಲಿನ ಪುಡಿ ಅಳಿಸದಂತೆ ಹಿಡಿದಿಡುವ ಫಿಕ್ಸೆಟಿವ್ ದ್ರವ ಹೊಡೆಯದೆ ಕಳಿಸಿದ್ದು ನಮ್ಮದೇ ತಪ್ಪು, ಒಪ್ಪುತ್ತೇನೆ. ಆದರೂ ಮೊಮ್ಮಗಳ ಕೇಶವನ ಅರ್ಧ ಮುಖ ಈಗ ಯಾರದೋ ಗಣಪತಿಯ ಹಾಳೆಯ ಬೆನ್ನಿಗೆ ಅಂಟಿಕೊಂಡು ಹೋಗಿದೆ.

– ನಿವೃತ್ತ ಚಿತ್ರಕಲಾ ಶಿಕ್ಷಕ, ಗೂಳೂರು, ತುಮಕೂರು ತಾಲ್ಲೂಕು