ಗಾಯವಿಲ್ಲ ಎಂದರೆ ದೌರ್ಜನ್ಯ ನಡೆದಿಲ್ಲ ಎಂದಲ್ಲ

ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವ ಶಂಕೆಯಿದ್ದಾಗ, ವೈದ್ಯಕೀಯ ವರದಿಯ ‘ಗಾಯದ ಗುರುತುಗಳಿಲ್ಲ’ ಎಂಬ ಒಂದೇ ಸಾಲು ಹಿಡಿದು ದೂರನ್ನು ಸುಳ್ಳೆನ್ನುವುದು ಸರಿಯಲ್ಲ. ಇಂಥ ಬಹುಪಾಲು ಮಕ್ಕಳ ಮೈಮೇಲೆ ಗುರುತೇ ಉಳಿದಿರುವುದಿಲ್ಲ. ಸಣ್ಣ ಗಾಯ ಕೆಲವೇ ದಿನಗಳಲ್ಲಿ ಮಾಯುತ್ತದೆ; ಮಗು ಬಾಯಿಬಿಡುವುದೋ ಎಷ್ಟೋ ವಾರಗಳ ನಂತರ. 2012ರ ಪೋಕ್ಸೊ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಬಾಲಕಿಯನ್ನು ಮಹಿಳಾ ವೈದ್ಯರೇ ಪರೀಕ್ಷಿಸಬೇಕು. ಒಳ್ಳೆಯದೇ. ಆದರೆ ಅವರಿಗೆ ವಿಶೇಷ ತರಬೇತಿ ಇರಬೇಕೆಂಬ ಮಾತು ಅಲ್ಲಿಲ್ಲ. ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ತರಬೇತಿ ಪಡೆದ ಮಕ್ಕಳ ತಜ್ಞರು, ಮನೋವೈದ್ಯರು ಕೂಡಿ ಅಭಿಪ್ರಾಯ ನೀಡುವ ವ್ಯವಸ್ಥೆಯನ್ನು ಆರೋಗ್ಯ ಇಲಾಖೆ ರೂಪಿಸಲಿ. ಗಾಯ ಇಲ್ಲದಿರುವುದು ದೌರ್ಜನ್ಯವನ್ನು ಅಲ್ಲಗಳೆಯುವುದಿಲ್ಲ ಎಂಬುದನ್ನು ವರದಿಯಲ್ಲೇ ನಮೂದಿಸುವುದನ್ನು ಕಡ್ಡಾಯಗೊಳಿಸಲಿ.

– ನಿವೃತ್ತ ಶಿಕ್ಷಕಿ, ಹಾವೇರಿ