ಬುದ್ಧಿ ಹೇಳಿಸಿಕೊಳ್ಳಲಿಕ್ಕೂ ದುಡ್ಡಾ?

ಉಡುಪಿ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಕೆರಿಯರ್ ಕನ್ಸಲ್ಟೆಂಟಿಗೆ ಐದು ಸಾವಿರ ಕೊಡಬಹುದಾ ಅಂತ ಕೇಳಿದ್ದಿ. ಕೊಡು. ಆದರೆ ಎಂತದಕ್ಕೆ ಕೊಡುವುದು ಅಂತ ಗೊತ್ತಿದ್ದು ಕೊಡು.

ನಾನು ಸಿಂಡಿಕೇಟ್ ಬ್ಯಾಂಕಿನಲ್ಲಿ ಕ್ಲರ್ಕ್ ಆಗಿದ್ದಾಗ ಇಂಥ ಬುದ್ಧಿಗೆ ಫೀಸು ಇರಲಿಲ್ಲ. 1925ರಲ್ಲಿ ಇದೇ ಉಡುಪಿಯಲ್ಲಿ ಹುಟ್ಟಿ, ಮನೆ ಮನೆಯಿಂದ ದಿನಕ್ಕೆ ಎರಡಾಣೆಯ ಪಿಗ್ಮಿ ಉಳಿತಾಯ ಕಟ್ಟಿಸಿಕೊಂಡು ಬೆಳೆದ ಬ್ಯಾಂಕು ಅದು. ಪಕ್ಕದ ಮೇಜಿನ ಸೀನಿಯರ್ ಒಬ್ಬರು ಒಂದು ದಿನ ಹೇಳಿದರು: "ಕ್ಯಾಶ್ ಕೌಂಟರಿನಲ್ಲಿ ಕೈ ಚುರುಕಾಗುತ್ತದೆ, ಹೌದು. ಆದರೆ ಆಫೀಸರ್ ಇಂಟರ್‌ವ್ಯೂನಲ್ಲಿ ನೋಟು ಎಣಿಸಲಿಕ್ಕೆ ಹೇಳುವುದಿಲ್ಲ. ಲೋನ್ ಸೆಕ್ಷನ್ ಕೇಳಿ ತಗೊಳ್ಳಿ."

ಕೇಳಿ ತಗೊಂಡೆ. ಗೇರುಬೀಜ ಫ್ಯಾಕ್ಟರಿಯೊಂದರ ಸಾಲಕ್ಕೆ ಪ್ರಾಸೆಸ್ ನೋಟ್, ಅಂದರೆ ಸಾಲ ಕೊಡಬಹುದಾ ಅಂತ ಲೆಕ್ಕ ಹಾಕುವ ಟಿಪ್ಪಣಿ, ಬರೆದು ಅವರಿಗೆ ತೋರಿಸಿದಾಗ ಒಂದಕ್ಷರ ತಿದ್ದಲಿಲ್ಲ. ಸ್ಟಾಕಿನ ಅಂಕಿಯ ಪಕ್ಕ ಪೆನ್ಸಿಲಿನಲ್ಲಿ ಸಣ್ಣ ಗೀಟು ಹಾಕಿ, "ಈ ಬೀಜ ಗೋದಾಮಿನಲ್ಲಿ ಎಷ್ಟು ತಿಂಗಳು ಕೂರುತ್ತದೆ?" ಅಂದರು. ಉತ್ತರ ಅವರೇ ಹೇಳಬಹುದಿತ್ತು. ಹೇಳದೆ ನನ್ನನ್ನು ಫ್ಯಾಕ್ಟರಿಗೆ ಕಳಿಸಿದರು. ನಮ್ಮ ಕಡೆ ಬೀಜ ಬರುವುದು ಬೇಸಿಗೆಯಲ್ಲಿ, ಒಡೆಯುವುದು ವರ್ಷವಿಡೀ. ಅಷ್ಟು ದಿನ ಮಾಲೀಕನ ದುಡ್ಡು ಗೋಣಿಯೊಳಗೆ ಸಿಕ್ಕಿಕೊಂಡಿರುತ್ತದೆ. ಸಾಲ ಬೇಕಾದದ್ದು ಅದಕ್ಕೆ ಅಂತ ನನಗೆ ಅರ್ಥವಾದದ್ದು ಅಲ್ಲಿ, ಗೋದಾಮಿನಲ್ಲಿ ನಿಂತಾಗ.

ನಿನಗೆ ಪಕ್ಕದ ಮೇಜೇ ಇಲ್ಲವಲ್ಲ ಮಾರಾಯ್ತಿ. ನಿನ್ನ ಟೀಮಿನಲ್ಲಿ ಒಬ್ಬರು ಪುಣೆ, ಒಬ್ಬರು ಹೈದರಾಬಾದು, ನೀನು ಬಾಡಿಗೆ ಮನೆಯ ಒಂದು ಕೋಣೆಯಲ್ಲಿ. ನಮಗೆ ಕೂತಲ್ಲೇ ಸಿಗುತ್ತಿದ್ದದ್ದನ್ನು ನೀವು ಹುಡುಕಿಕೊಂಡು ಹೋಗಬೇಕು, ಅದಕ್ಕೆ ಖರ್ಚೂ ಉಂಟು. ಅದರಲ್ಲಿ ನಾಚಿಕೆ ಎಂತದು?

ಮೊದಲು ನಿಮ್ಮ ಎಚ್‌ಆರ್ ಹತ್ತಿರ ಕೇಳು, ಎಷ್ಟೋ ಕಂಪೆನಿಗಳಲ್ಲಿ ಮೆಂಟರ್ ಅಂತ ಸೀನಿಯರ್ ಒಬ್ಬರನ್ನು ಜೋಡಿಸುತ್ತಾರೆ. ವರ್ಷಗಟ್ಟಲೆ ನಿನ್ನ ಕೆಲಸ ನೋಡುತ್ತಾ ಬರಲು ಅವರೇ ಸರಿ. ಆದರೆ "ಈ ಕಂಪೆನಿಯಲ್ಲಿ ನಿನಗೆ ಇನ್ನು ಬೆಳವಣಿಗೆ ಇಲ್ಲ, ಹೊರಡು" ಅಂತ ಅದೇ ಕಂಪೆನಿಯ ಸಂಬಳ ತಿನ್ನುವವರು ಹೇಗೆ ಹೇಳಿಯಾರು? ಆ ಮಾತಿಗೆ ಹೊರಗಿನವರೇ ಬೇಕು. ನೆಂಟರೂ ಹೊರಗಿನವರೇ ಅನ್ನಬೇಡ. ನೀನು ದಿನಾ ಮಾಡುವ ಕೆಲಸ ಏನು ಅಂತ ಅವರಲ್ಲಿ ಒಬ್ಬರೂ ಇಷ್ಟರವರೆಗೆ ಕೇಳಿಲ್ಲ, ಬುದ್ಧಿ ಮಾತ್ರ ಧಾರಾಳ.

ಆ ಕನ್ಸಲ್ಟೆಂಟ್ ನಿನ್ನ ಲೈನಿನಲ್ಲಿ ಕೆಲಸ ಮಾಡಿದ್ದಾರಾ, ಜನರನ್ನು ಇಂಟರ್‌ವ್ಯೂ ಮಾಡಿ ತಗೊಂಡವರಾ, ವಿಚಾರಿಸು. ನೀನು ಬಾಯಿ ಬಿಡುವ ಮೊದಲೇ ಆರು ತಿಂಗಳ ಪ್ಯಾಕೇಜ್ ಮುಂದಿಟ್ಟರೆ ಫೋನ್ ಇಟ್ಟುಬಿಡು. ಜಿಎಸ್‌ಟಿ ಹಾಕುವವರಾದರೆ ಮೇಲೆ ಶೇ. 18 ಬರುತ್ತದೆ, ಐದು ಸಾವಿರದಲ್ಲಿ ಅದು ಸೇರಿದೆಯಾ ಅಂತಲೂ ಕೇಳು.

"ಕೆಲಸ ಕೊಡಿಸುತ್ತೇನೆ" ಅನ್ನುವವರ ವ್ಯಾಪಾರವೇ ಬೇರೆ. ಗಲ್ಫಿಗೆ ಹೋಗುವವರ ಊರು ನಮ್ಮದು, ನಿನಗೆ ಗೊತ್ತಿಲ್ಲದ್ದಲ್ಲ. ಸರಕಾರದಲ್ಲಿ ನೋಂದಣಿಯಾದ ಏಜೆಂಟರು ಕೂಡ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ನೋಂದಣಿ ಇದೆಯಾ ಅಂತ ಸರಕಾರದ ಇ-ಮೈಗ್ರೇಟ್ ಪೋರ್ಟಲಿನಲ್ಲಿ ನೋಡಬಹುದು. ಆದರೂ ಲಕ್ಷ ಲಕ್ಷ ಸುರಿಯುವವರು ಇದ್ದೇ ಇದ್ದಾರೆ. ನಿನಗೆ ಬೇಕಾದದ್ದು ಸಲಹೆ, ಅಷ್ಟಕ್ಕೇ ದುಡ್ಡು ಕೊಡು.

"ನಾನು ಮುಂದೆ ಎಂತ ಮಾಡಲಿ?" ಅಂತ ಹೋಗಿ ಕೂತರೆ ಮಾತ್ರ ಐದು ಸಾವಿರ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಸಾಫ್ಟ್‌ವೇರ್ ಟೆಸ್ಟಿಂಗ್ ಬಿಟ್ಟು, ಎಂತ ತಯಾರಿಸಬೇಕು ಅಂತ ನಿರ್ಧರಿಸುವ ಪ್ರಾಡಕ್ಟ್ ಕಡೆ ಹೋಗಲು ನನ್ನಲ್ಲಿ ಏನು ಕಡಿಮೆ, ಅದನ್ನು ಇದ್ದ ಕಂಪೆನಿಯಲ್ಲೇ ಕಲಿಯಬಹುದಾ ಅಂತ ಬರೆದುಕೊಂಡು ಹೋಗು. ಅವರು ತಿರುಗಿ ನಿನಗೇ ಪ್ರಶ್ನೆ ಹಾಕಿದರೆ, ಮುಂದಿನ ಸಲ ಬರುವ ಮೊದಲು ಮಾಡಿಕೊಂಡು ಬರಲಿಕ್ಕೆ ಕೆಲಸ ಕೊಟ್ಟರೆ, ಎರಡನೇ ಸಿಟ್ಟಿಂಗಿಗೂ ಹೋಗಬಹುದು.

ಮೊದಲನೆಯದಕ್ಕೆ ನಾನು ಗೂಗಲ್ ಪೇ ಮಾಡುತ್ತೇನೆ. ಅಪ್ಪನಿಗೆ ಹೇಳಲಿಕ್ಕೆ ಹೋಗಬೇಡ. ಅಷ್ಟು ಬುದ್ಧಿ ನಾನೇ ಪುಕ್ಕಟೆ ಹೇಳುತ್ತಿದ್ದೆ ಅಂತ ಶುರುಮಾಡಿದರೆ ನಿಲ್ಲಿಸುವವರು ಯಾರು?

ನಿನ್ನ ಅಮ್ಮ