ರಾಜಂ ಮೇಲಿನ ಸಿಟ್ಟು

ಈ ಸಲದ ಸಂಚಿಕೆ ತಡವಾಯಿತು, ಕ್ಷಮಿಸಿ. ಸಂಪಾದಕೀಯ ಬರೆಯಬೇಕಾದ ಸಂಜೆಗಳಲ್ಲೆಲ್ಲ ನಾನು ಟಿವಿ ಮುಂದೆ ಕೂತಿದ್ದೆ. ತಪ್ಪು ಪೂರ್ತಿ ನನ್ನದಲ್ಲ, ಅಮ್ಮನದೂ ಸ್ವಲ್ಪ ಇದೆ.

ಅಮ್ಮ ಶಿವಮೊಗ್ಗದಿಂದ ಬಂದು ಎರಡು ತಿಂಗಳಾಯಿತು. ಮೆಲ್ಬರ್ನ್‌ನ ಜುಲೈ ಹೇಗಿರುತ್ತದೆ ಅಂತ ನಿಮಗೆ ಬೇರೆ ಹೇಳಬೇಕಾಗಿಲ್ಲ. ಐದೂಕಾಲಿಗೆಲ್ಲ ಕತ್ತಲು, ಹೊರಗೆ ಜಿಟಿಜಿಟಿ ಮಳೆ. ಅಮ್ಮ ಶಾಲು ಹೊದ್ದು ಹೀಟರ್ ಪಕ್ಕ ಕೂತರೆ ಏಳುವ ಮಾತೇ ಇಲ್ಲ. ಮಗಳಿಗೆ ಶಾಲೆ ರಜ. ಒಂದು ಸಂಜೆ ಅಮ್ಮ ಇದ್ದಕ್ಕಿದ್ದಂತೆ, "ಆ ಮಾಲ್ಗುಡಿ ಡೇಸ್ ಸಿಗತ್ತೇನೋ ನೋಡೋ, ಅದರಲ್ಲಿ ನಿನ್ನ ಚಿಕ್ಕಜ್ಜ ಬರ್ತಾರೆ" ಅಂದರು.

ತೀರ್ಥಹಳ್ಳಿ ಕಡೆಯ ಪ್ರತಿ ಮನೆಯಲ್ಲೂ ಇಂಥ ಒಬ್ಬರು ಇದ್ದೇ ಇರುತ್ತಾರೆ. 1980ರ ದಶಕದ ನಡುವಿನಲ್ಲಿ ಶಂಕರ್ ನಾಗ್ ತಮ್ಮ ತಂಡ ಕಟ್ಟಿಕೊಂಡು ಆಗುಂಬೆಗೆ ಬಂದರಲ್ಲ, ಆಗ ಆ ಬೀದಿಯಲ್ಲಿ ಓಡಾಡಿದವರೆಲ್ಲ ತಾವು ನಟಿಸಿದ್ದೇವೆ ಅಂತಲೇ ಹೇಳುತ್ತಾರೆ. ನಮ್ಮ ಚಿಕ್ಕಜ್ಜ ಕೊಡೆ ಹಿಡಿದು ನಡೆದುಹೋಗುತ್ತಾರಂತೆ. ಮುಖ ಕಾಣುವುದಿಲ್ಲ, ಬೆನ್ನು ಮಾತ್ರ. ಆ ಬೆನ್ನು ಹುಡುಕುವುದಕ್ಕೆ ಶುರುವಾದದ್ದು ನಮ್ಮ ಮರುನೋಟ.

ನಾನು ಇದನ್ನು ಮೊದಲು ನೋಡಿದಾಗ ಒಂಬತ್ತು ವರ್ಷ. ದೂರದರ್ಶನದಲ್ಲಿ ಹಿಂದಿಯಲ್ಲಿ ಬರುತ್ತಿತ್ತು. ನನಗೆ ಗೊತ್ತಿದ್ದ ಹಿಂದಿ ಶಾಲೆಯ ಮೂರನೇ ಭಾಷೆಯದ್ದು, ಅಂದರೆ ಹೆಚ್ಚುಕಮ್ಮಿ ಏನೂ ಇಲ್ಲ. ಆದರೂ ಒಂದು ಕಂತೂ ಬಿಟ್ಟಿರಲಿಲ್ಲ. ಆರ್.ಕೆ. ಲಕ್ಷ್ಮಣ್ ಬರೆದ ಚಿತ್ರಗಳು, ಎಲ್. ವೈದ್ಯನಾಥನ್ ಅವರ ಆ ತಾನ ನ ನ ನ, ಅಷ್ಟು ಕೇಳಿಸಿದರೆ ಸಾಕು, ಕೈಲಿದ್ದದ್ದು ಬಿಟ್ಟು ಓಡುತ್ತಿದ್ದೆವು. ಮಾತು ಅರ್ಥವಾಗದಿದ್ದರೂ ಯಾರು ಒಳ್ಳೆಯವರು, ಯಾರು ಕೆಟ್ಟವರು ಅಂತ ನನ್ನ ತೀರ್ಪು ಮಾತ್ರ ರೆಡಿ ಇತ್ತು. ಕಥೆಯ ಹುಡುಗ ಸ್ವಾಮಿ ಒಳ್ಳೆಯವನು. ಅವನ ಅಪ್ಪ ಪಾಪಿ. ಅವನ ಗೆಳೆಯ ರಾಜಂ ಜಂಬದ ಕೋಳಿ.

ಈ ಸಲ ನೋಡುವ ಮೊದಲೇ ನನಗೆ ಗೊತ್ತಿತ್ತು, ಈಗ ಅಪ್ಪನ ಪಕ್ಷ ವಹಿಸುತ್ತೇನೆ ಅಂತ. ವಯಸ್ಸಾದವರೆಲ್ಲ ಹಾಗೇ ಹೇಳುತ್ತಾರಲ್ವಾ, ಚಿಕ್ಕವರಿದ್ದಾಗ ಸ್ವಾಮಿ ಕಡೆ, ಈಗ ಅಪ್ಪನ ಕಡೆ. ನನಗೆ ಹಾಗಾಗಲಿಲ್ಲ. ಮಗನಿಗೆ ಧೈರ್ಯ ಬರಲಿ ಅಂತ ಕತ್ತಲ ಆಫೀಸ್ ಕೋಣೆಯಲ್ಲಿ ಒಬ್ಬನೇ ಮಲಗಿಸುವ ಆ ಅಪ್ಪನನ್ನು ನೋಡಿ ನನಗೆ ಈಗಲೂ ಸಿಟ್ಟೇ ಬಂತು. ಸ್ವಾಮಿ ಹೆದರಿ ನಡುರಾತ್ರಿ ಕಳ್ಳನ ಕಾಲು ಕಚ್ಚಿ ಹೀರೋ ಆದ, ಅದು ಅವನ ಪುಣ್ಯ. "ನೀನೂ ಏನು ಕಮ್ಮಿಯಿಲ್ಲ ಬಿಡು" ಅಂದರು ಅಮ್ಮ. ಇಲ್ಲಿನವರ ಹಾಗೆ ನಾವೂ ಮಗಳನ್ನು ಕೂಸಾಗಿದ್ದಾಗಲೇ ಬೇರೆ ಕೋಣೆಯಲ್ಲಿ ಮಲಗಿಸಿದ್ದೆವು. ಆಗ ಫೋನಿನಲ್ಲಿ ಅಮ್ಮ ಎರಡು ದಿನ ಮಾತಾಡಿರಲಿಲ್ಲ. ಅದು ಇನ್ನೂ ನೆನಪಿದೆ ಅವರಿಗೆ.

ಬದಲಾದದ್ದು ಆ ಅಪ್ಪನ ಪಾತ್ರ ಮಾಡಿದ ಗಿರೀಶ ಕಾರ್ನಾಡರ ಬಗ್ಗೆ ನನ್ನ ಅಭಿಪ್ರಾಯ. ಆಗ ಅವರು ನಮಗೆ ಬರೀ 'ಸ್ವಾಮಿ ಅಪ್ಪ'. ಅವರು ಅಷ್ಟರಲ್ಲಾಗಲೇ 'ಯಯಾತಿ', 'ತುಘಲಕ್', 'ಹಯವದನ' ಬರೆದು ಮುಗಿಸಿದ್ದರು ಅಂತ ಯಾರಿಗೆ ಗೊತ್ತು! ಈಗ ನೋಡಿದರೆ ಅಚ್ಚರಿ ಆಗುವುದು ಅವರು ಎಷ್ಟು ಕಮ್ಮಿ ಮಾಡುತ್ತಾರೆ ಅನ್ನುವುದು. ಗದರುವಾಗ ದನಿ ಏರುವುದೇ ಇಲ್ಲ. ಪೇಪರ್ ಹಿಡಿದು ಕೂತಿರುವ ರೀತಿಯಲ್ಲೇ ಮಗನಿಗೆ ಹೆದರಿಕೆ ಆಗಬೇಕು, ಆಗುತ್ತದೆ. ಒಂಬತ್ತು ವರ್ಷದ ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ ಅಂದರೆ ಅದು ಅವರ ಕೆಲಸ ಸರಿಯಾಗಿ ಆಗಿತ್ತು ಅಂತ ಲೆಕ್ಕ.

ಇನ್ನೊಂದು ವಿಷಯ ಆಗ ಕಿವಿಗೇ ಬಿದ್ದಿರಲಿಲ್ಲ. ಅಲ್ಲಿ ಕನ್ನಡ ರಂಗಭೂಮಿಯಿಂದ ಬಂದವರು ಎಷ್ಟು ಜನ! ಅವರು ಆಡುವ ಹಿಂದಿಯ ಒಳಗೆ ನಮ್ಮ ಕನ್ನಡದ ರಾಗ ಕೇಳಿಸುತ್ತದೆ. ಆಗ ನನಗೆ ಅದೇ ಶುದ್ಧ ಹಿಂದಿ ಅನಿಸಿತ್ತು. ಆಮೇಲೆ ನಾಲ್ಕು ವರ್ಷ ಪುಣೆಯಲ್ಲಿದ್ದೆ, ಅಲ್ಲಿ ನನ್ನ ಹಿಂದಿ ಕೇಳಿ ಜನ ನಗುತ್ತಿದ್ದರು. ಈಗ ಇಲ್ಲಿ ನನ್ನ ಇಂಗ್ಲಿಷ್ ಕೇಳಿ ಸ್ವಂತ ಮಗಳೇ ನಗುತ್ತಾಳೆ. ಹಾಗಾಗಿ ಆ ಹಿಂದಿ ನನಗೆ ಈಗ ಜಾಸ್ತಿ ಇಷ್ಟ.

ಈಗ ರಾಜಂ ವಿಷಯಕ್ಕೆ ಬರುತ್ತೇನೆ. ಮರೆತವರಿಗೆ ಹೇಳುತ್ತೇನೆ, ರಾಜಂ ಪೊಲೀಸ್ ಸೂಪರಿಂಟೆಂಡೆಂಟ್ ಮಗ. ಮದ್ರಾಸಿನ ಇಂಗ್ಲಿಷ್ ಶಾಲೆಯಿಂದ ಬಂದವನು. ಉಳಿದ ಹುಡುಗರು ಬರಿಗಾಲಲ್ಲಿ ಬಂದರೆ ಇವನಿಗೆ ಬೂಟು, ಕಾಲುಚೀಲ, ಟೈ. ಬರುವುದು ಕಾರಿನಲ್ಲಿ. ಬಂದ ಸ್ವಲ್ಪ ದಿನಕ್ಕೇ ಕ್ರಿಕೆಟ್ ಟೀಮ್ ಕಟ್ಟಿ ತಾನೇ ಕ್ಯಾಪ್ಟನ್ ಆಗುತ್ತಾನೆ. ಕೊನೆಗೆ ಸ್ವಾಮಿ ಊರು ಬಿಟ್ಟು ಓಡಿ, ಕಾಡಿನಲ್ಲಿ ದಾರಿ ತಪ್ಪಿ, ಹೇಗೋ ಬದುಕಿ ಬಂದರೆ ಇವನಿಗೆ ಮ್ಯಾಚ್ ಸೋತಿದ್ದೇ ದೊಡ್ಡದು. ಸ್ವಾಮಿ ಜೊತೆ ಮಾತು ಬಿಡುತ್ತಾನೆ. ಆ ಸಿಟ್ಟನ್ನು ನಾನು ಸುಮಾರು ಮೂವತ್ತೆಂಟು ವರ್ಷ ಇಟ್ಟುಕೊಂಡಿದ್ದೆ. ನಿಜವಾಗಿ. ಆಫೀಸಿನಲ್ಲಿ ಯಾರಾದರೂ ಹೊಸಬರು ಬಂದು ಮೊದಲ ವಾರವೇ ಮೀಟಿಂಗ್ ನಡೆಸಲು ಹೊರಟರೆ ನನ್ನ ಮನಸ್ಸಿನಲ್ಲಿ ಅವರ ಹೆಸರು ರಾಜಂ.

ಇದನ್ನೇ ಮಗಳಿಗೆ ಹೇಳುತ್ತಿದ್ದೆ, ನೋಡು ಎಷ್ಟು ಜಂಬ ಇವನಿಗೆ ಅಂತ. ಅವಳಿಗೆ ಹನ್ನೊಂದು ವರ್ಷ. ತಟ್ಟೆಯಿಂದ ತಲೆ ಎತ್ತದೆ, "ಜಂಬ ಅಲ್ಲಪ್ಪಾ, ಅವನು ನ್ಯೂ ಕಿಡ್" ಅಂದಳು.

"ಅದಕ್ಕೆ?"

"ಟೀಮ್ ಇಲ್ಲದಿದ್ರೆ ಅವನ ಹತ್ರ ಯಾರು ಬರ್ತಾರೆ? ನಾನೂ ನೆಟ್‌ಬಾಲ್ ಸೇರಿದ್ದು ಅದಕ್ಕೇ."

ನನ್ನ ಕಾಂಟ್ರ್ಯಾಕ್ಟ್ ಕೆಲಸದ ಹಿಂದೆ ಪರ್ತ್, ಬ್ರಿಸ್ಬೇನ್, ಈಗ ಮೆಲ್ಬರ್ನ್ ಅಂತ ಮೂರು ಶಾಲೆ ನೋಡಿದ್ದಾಳೆ ಅವಳು. ನೆಟ್‌ಬಾಲ್ ಅವಳಿಗೆ ಇಷ್ಟ ಅಂತಲೇ ನಾನು ಅಂದುಕೊಂಡಿದ್ದೆ. ಶನಿವಾರ ಬೆಳಗ್ಗೆ ಚಳಿಯಲ್ಲಿ ನಡುಗುತ್ತಾ ಮೈದಾನದ ಪಕ್ಕ ನಿಂತಿರುತ್ತಿದ್ದೆ, ಒಂದು ದಿನವೂ ಕೇಳಿರಲಿಲ್ಲ. ಅವಳು ಅಷ್ಟು ಹೇಳಿ ಉಪ್ಪಿಟ್ಟು ತಿನ್ನುವುದನ್ನು ಮುಂದುವರಿಸಿದಳು. ನಾನು ಹಿಂದಕ್ಕೆ ಹೋಗಿ ರಾಜಂ ಬರುವ ಕಂತುಗಳನ್ನೆಲ್ಲ ಇನ್ನೊಮ್ಮೆ ನೋಡಿದೆ. ಅದೇ ಹುಡುಗ, ಅದೇ ಮಾತು. ಆದರೆ ಈಗ ಅವನು ಪ್ರತಿ ಸಲ ಮಾತಾಡುವ ಮೊದಲು ಉಳಿದವರ ಮುಖ ನೋಡುತ್ತಾನೆ ಅನಿಸುತ್ತಿತ್ತು. ಅದು ನಿಜವಾಗಿ ಅಲ್ಲಿದೆಯೋ ಅಥವಾ ನಾನೇ ತುಂಬುತ್ತಿದ್ದೇನೋ, ಆಣೆ ಮಾಡಿ ಹೇಳಲಾರೆ.

ಹೀಗೆ ಒಂದು ಬಾಗಿಲು ತೆರೆದ ಮೇಲೆ ಹಳೆಯದೆಲ್ಲ ನೋಡುವ ಹುಚ್ಚು ಹಿಡಿಯಿತು. 'ಸಿಲ್ಲಿ ಲಲ್ಲಿ' ಹಾಕಿದೆವು. ಬೆಂಗಳೂರಿನಲ್ಲಿ ರೂಮಿನ ಹುಡುಗರೆಲ್ಲ ಸೇರಿ ಈಟಿವಿಯಲ್ಲಿ ನೋಡುತ್ತಿದ್ದ ಧಾರಾವಾಹಿ. ಆಗ ನಮಗೆ ರವಿಶಂಕರ್ ಗೌಡರ ಡಾಕ್ಟರ್ ವಿಠಲ್ ರಾವ್ ಅಂದರೆ ಪ್ರಾಣ, ಮಂಜುಭಾಷಿಣಿ ಮಾಡಿದ ಸಮಾಜಸೇವಕಿ ಲಲಿತಾಂಬ ಅಂದರೆ ತಮಾಷೆಯ ವಸ್ತು. ಈಗ ಆರು ವರ್ಷ ಕನ್ನಡ ಸಂಘದ ಕಮಿಟಿಯಲ್ಲಿ ಕೆಲಸ ಮಾಡಿದ ಮೇಲೆ ನೋಡುತ್ತೇನೆ, ಅಯ್ಯೋ, ಅದು ನಾನೇ. ಯಾರೂ ಕೇಳದಿದ್ದರೂ ಸೇವೆ ಮಾಡಲು ಹೊರಡುವುದು, ಪ್ರತಿಯೊಂದಕ್ಕೂ ಸಭೆ ಕರೆಯುವುದು, ಬ್ಯಾನರ್ ಬಂತಾ ಮೈಕ್ ಬಂತಾ ಅಂತ ಕಂಡವರನ್ನೆಲ್ಲ ಹಿಡಿದು ಕೇಳುವುದು. ಹೆಂಡತಿ ನಕ್ಕ ನಗು ಲಲಿತಾಂಬಗೆ ಅಲ್ಲ ಅಂತ ನನಗೆ ಗೊತ್ತಾಯಿತು. ಅದೇ ಮಂಜುಭಾಷಿಣಿಯನ್ನು ಅಮ್ಮ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯ ಬಂಗಾರಮ್ಮನಾಗಿ ನೋಡಿ ಹೆದರಿದವರು. ಹಾಗಾಗಿ ಲಲಿತಾಂಬ ಜೋಕ್ ಹೊಡೆದರೂ ಅಮ್ಮನಿಗೆ ನಗು ಬರಲಿಲ್ಲ. "ಇವಳು ಆಮೇಲೆ ಬಡ್ಡಿ ವಸೂಲಿಗೆ ಬರ್ತಾಳೆ ನೋಡು" ಅಂತಿದ್ದರು.

ಆ ಧಾರಾವಾಹಿಯ ಪುಟ್ಟಕ್ಕ ಉಮಾಶ್ರೀ. ಅವರ ವಿಷಯದಲ್ಲಿ ನನ್ನ ತಲೆಮಾರಿನವರು ಒಂದು ಕ್ಷಮಾಪಣೆಯನ್ನೇ ಬರೆದುಕೊಡಬೇಕು. ಹಳೆಯ ಸಿನಿಮಾಗಳಲ್ಲಿ ಅವರು ಬಂದರೆ ಮನೆಯ ಹಿರಿಯರು ಎದ್ದು ಟಿವಿ ಆರಿಸುತ್ತಿದ್ದರು, ದ್ವಂದ್ವಾರ್ಥದ ಮಾತು ಅಂತ. 2008ರಲ್ಲಿ ಗಿರೀಶ ಕಾಸರವಳ್ಳಿಯವರ 'ಗುಲಾಬಿ ಟಾಕೀಸು' ಬಂತು, ರಾಷ್ಟ್ರಪ್ರಶಸ್ತಿಯೂ ಬಂತು, ಆಮೇಲೆ ಎಲ್ಲರೂ "ನಮಗೆ ಮೊದಲೇ ಗೊತ್ತಿತ್ತು" ಅನ್ನತೊಡಗಿದರು. ಗೊತ್ತಿರಲಿಲ್ಲ. ಈಗ ಆ ಹಳೆಯ ಹಾಸ್ಯದ ಸೀನುಗಳನ್ನು ನೋಡಿದರೆ ಮಾತು ಅಷ್ಟೇ ಕಳಪೆ, ಆದರೆ ಆ ಕಳಪೆ ಮಾತನ್ನೂ ಅವರು ಎಷ್ಟು ಟೈಮಿಂಗ್ ಇಟ್ಟು ಹೇಳುತ್ತಾರೆ ಅಂತ ಕಾಣುತ್ತದೆ.

ಎಲ್ಲವೂ ಮೇಲೇರಲಿಲ್ಲ. 'ಪಾಪ ಪಾಂಡು' ಆಗ ಬಿದ್ದು ಬಿದ್ದು ನಗಿಸಿತ್ತು. ಈಗ ಶ್ರೀಮತಿ ಗಂಡನಿಗೆ ಬಾರಿಸುವಾಗ ಮಗಳು ನನ್ನ ಕಡೆ ತಿರುಗಿ, "ಇದು ಯಾಕೆ ಫನ್ನಿ?" ಅಂತ ಕೇಳಿದಳು. ಉತ್ತರ ಹೊಳೆಯಲಿಲ್ಲ. ಶಾಲಿನಿ, ಚಿದಾನಂದ ಇಬ್ಬರೂ ಸೊಗಸಾದ ನಟರು, ಅದರಲ್ಲಿ ಎರಡು ಮಾತಿಲ್ಲ. ಆದರೂ ಎರಡು ಕಂತಿಗೆ ನಿಲ್ಲಿಸಿದೆವು.

ಮತ್ತೆ ಮಾಲ್ಗುಡಿಗೆ. ಚಿಕ್ಕವನಿದ್ದಾಗ ಹೆಸರುಗಳು ಓಡುವಾಗ ನೀರು ಕುಡಿಯಲು ಹೋಗುತ್ತಿದ್ದೆ. ಈಗ ಕೂತು ಓದುತ್ತೇನೆ. ಸ್ವಾಮಿ ಅಮ್ಮನಾಗಿ ವೈಶಾಲಿ ಕಾಸರವಳ್ಳಿ, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್. ನಿರ್ದೇಶನ ಶಂಕರ್ ನಾಗ್. ಹುಟ್ಟಿದ್ದು 1954ರ ನವೆಂಬರ್, ಅಂದರೆ ಇದನ್ನೆಲ್ಲ ಮಾಡುವಾಗ ಅವರಿಗೆ ಮೂವತ್ತೊಂದು, ಮೂವತ್ತೆರಡು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ಆನಗೋಡಿನ ಅಪಘಾತ. ಮೂವತ್ತೈದು ವರ್ಷ. ನನಗೆ ಅವರು ಯಾವಾಗಲೂ ಆಟೋ ಹಿಂದಿನ ಫೋಟೋದಲ್ಲಿರುವ ಅಣ್ಣ. ಈಗ ನನಗೆ ನಲವತ್ತೇಳು. ಅವರ ಕೆಲಸ ನೋಡುವಾಗ "ಈ ಹುಡುಗ ಎಷ್ಟು ಚೆನ್ನಾಗಿ ಮಾಡಿದಾನೆ" ಅಂತ ಬಾಯಿಗೆ ಬಂದು, ಅಮ್ಮ ನನ್ನನ್ನು ದುರುಗುಟ್ಟಿ ನೋಡಿದರು.

ಧಾರಾವಾಹಿ ಮುಗಿದ ಮೇಲೆ ಮಗಳು ಲೈಬ್ರರಿಯಿಂದ ಸ್ವಾಮಿ ಕಥೆಯ ಮೂಲ, ಆರ್.ಕೆ. ನಾರಾಯಣ್ ಅವರ 'ಸ್ವಾಮಿ ಅಂಡ್ ಫ್ರೆಂಡ್ಸ್' ತಂದಳು. 1935ರ ಪುಸ್ತಕ, ಇಲ್ಲಿನ ಲೈಬ್ರರಿಯಲ್ಲೂ ಇದೆ. ಕೊನೆಯಲ್ಲಿ ರಾಜಂ ಅಪ್ಪನಿಗೆ ವರ್ಗವಾಗುತ್ತದೆ. ಸ್ವಾಮಿ ಸ್ಟೇಷನ್ನಿಗೆ ಹೋಗಿ ಒಂದು ಕಥೆಪುಸ್ತಕ ಕೊಡಲು ಒದ್ದಾಡುತ್ತಾನೆ, ರೈಲು ಹೊರಟುಬಿಡುತ್ತದೆ, ಇನ್ನೊಬ್ಬ ಗೆಳೆಯ ಮಣಿ ಪುಸ್ತಕ ತಲುಪಿಸುತ್ತಾನೆ. ರಾಜಂ ಏನೋ ಹೇಳುತ್ತಾನೆ, ಗದ್ದಲದಲ್ಲಿ ಕೇಳಿಸುವುದಿಲ್ಲ. ಕಾಗದ ಬರೀತಾನಾ, ಅವನ ಹತ್ತಿರ ನನ್ನ ಅಡ್ರೆಸ್ಸೇ ಇಲ್ವಲ್ಲ ಅಂತ ಸ್ವಾಮಿ ಕೇಳಿದರೆ, ಅವನು ಕೇಳಿದ, ನಾನು ಕೊಟ್ಟಿದ್ದೇನೆ ಅಂತ ಮಣಿ ತೇಲಿಸುತ್ತಾನೆ.

"ಮಣಿ ಸುಳ್ಳು ಹೇಳ್ತಿದಾನೆ" ಅಂದಳು ಮಗಳು. ಸ್ವಲ್ಪ ಹೊತ್ತು ಬಿಟ್ಟು, "ಪರ್ತ್‌ನಲ್ಲಿ ನಮ್ಮ ಮನೆ ನಂಬರ್ ಎಷ್ಟಿತ್ತಪ್ಪಾ?" ಅಂತ ಕೇಳಿದಳು. ನನಗೂ ತಕ್ಷಣ ನೆನಪಾಗಲಿಲ್ಲ.

ಆ ಹೊತ್ತಿಗೆ ಅಮ್ಮ ರಿಮೋಟ್ ಹಿಡಿದು ಸ್ಟೇಷನ್ನಿನ ದೃಶ್ಯವನ್ನು ಹಿಂದೆ ಮುಂದೆ ಮಾಡುತ್ತಿದ್ದರು. ಮಾಲ್ಗುಡಿ ಸ್ಟೇಷನ್ ಅಂದರೆ ಶಿವಮೊಗ್ಗ ತಾಳಗುಪ್ಪ ದಾರಿಯ ನಮ್ಮ ಅರಸಾಳು. ಈಗ ಅಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಪ್ಲಾಟ್‌ಫಾರಂ ಮೇಲೆ ಯಾರೋ ಒಬ್ಬರು ಬೆನ್ನು ತಿರುಗಿಸಿ ನಿಂತಿದ್ದರು.

"ಇವರೇ" ಅಂದರು ಅಮ್ಮ.

"ಚಿಕ್ಕಜ್ಜ ಕೊಡೆ ಹಿಡಿದಿದ್ರು ಅಂದ್ರಲ್ಲಮ್ಮ, ಇವರ ಕೈಯಲ್ಲಿ ಕೊಡೆ ಇಲ್ಲ."

"ಮಳೆ ನಿಂತಿರಬೇಕು ಕಣೋ."